ಗುಳ್ಳೆ ನಿಂತ ಮೇಲೆ

ನೀರಿಗೆ ಆಸಿಡ್ ಹನಿಸಿ ಮಗಳು ಗಾಳಿಯ ಕೊಳವೆ ಇಳಿಬಿಟ್ಟದ್ದೇ ತಡ, ಸೀಸೆಯ ತುಂಬ ಗುಳ್ಳೆಗಳೆದ್ದವು. ಊರಿನ ನೀರಿನ ಟ್ಯಾಂಕಿನ ಉಸ್ತುವಾರಿ ಹೊತ್ತ ಅಪ್ಪ ಲ್ಯಾಬಿನ ಸ್ಟೂಲಿನಿಂದಲೇ ಹಿಗ್ಗಿದ. "ನೋಡು, ಕಲ್ಲು ಸುಣ್ಣದಿಂದ ಬಂದ ಇಂಗಾಲ ಎಲ್ಲಾ ಹಾರಿಹೋಗ್ತಿದೆ. ಆಮೇಲೆ ಇಂಗಾಲ ಅಳೆಯೋ ನಿನ್ನ ಮಿಷನ್ನಿಗೆ ಸಿಗೋದು ಸೊನ್ನೆ. ನನ್ನ ಟ್ಯಾಂಕು ಕನ್ನಡಿ ಕಣಮ್ಮಾ!"

"ಗುಳ್ಳೆ ನಿಲ್ಲಲಿ ಅಪ್ಪಾ. ಆಮೇಲೂ ಇಂಗಾಲ ಉಳಿದ್ರೆ ಅದು ಏನೋ ಕೊಳೆತು ಬಂದದ್ದು."

ಗುಳ್ಳೆ ನಿಂತಿತು. ಮಿಷನ್ನು ತೋರಿಸಿದ ಅಂಕಿ ಕುಡಿಯುವ ನೀರಿನ ಮಿತಿಯ ದುಪ್ಪಟ್ಟಿತ್ತು. ಅವಳು ಎರಡನೇ ಸೀಸೆ ತೆಗೆದುಕೊಂಡಳು. ಒಂದು ಗುಳ್ಳೆ ಗಾಳಿಗೂ ಜಾಗವಿಲ್ಲದಂತೆ ಅದನ್ನು ಬಾಯಿಯವರೆಗೆ ತುಂಬಿಸಿ ತಂದವನು ಅಪ್ಪನೇ. ಮತ್ತೆ ಆಸಿಡ್, ಮತ್ತೆ ಗುಳ್ಳೆ, ಮತ್ತೆ ಅದೇ ಅಂಕಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಪ್ಪ ಕಾದ ಟ್ಯಾಂಕು ಅದು. ಆದರೂ ಅವಳು ದೃಷ್ಟಿ ತಗ್ಗಿಸಲಿಲ್ಲ. "ಒಳಗೆ ಏನೋ ಕೊಳೀತಿದೆ ಅಪ್ಪಾ. ಈ ನೀರು ಯಾರೂ ಕುಡೀಬಾರದು."

ಅಪ್ಪ ಎದ್ದ. ಬಾಗಿಲು ಬಡಿದುಕೊಂಡು ಹೋಗುತ್ತಾನೆ ಎಂದೇ ಅವಳು ಅಂದುಕೊಂಡಳು. ಅವನು ಜೇಬಿನಿಂದ ಫೋನು ತೆಗೆದು ವಾಲ್ವಿನವನಿಗೆ ಹಚ್ಚಿದ. "ವಾಲ್ವ್ ಬಂದ್ ಮಾಡು. ಟ್ಯಾಂಕು ಖಾಲಿ ಮಾಡಿ ತೊಳೀಬೇಕು." ಆ ಕಡೆಯವನು ಏನೋ ಕೇಳಿದ. ಅಪ್ಪನ ಬೆನ್ನು ನೆಟ್ಟಗಾಯಿತು, ದನಿ ಇಡೀ ಲ್ಯಾಬಿಗೆ ಕೇಳುವಷ್ಟು ಏರಿತು. "ಯಾರು ಹೇಳಿದ್ರು ಅಂದ್ರೆ? ನನ್ನ ಮಗಳು ಹೇಳಿದ್ಲು ಕಣಯ್ಯಾ! ಅಪ್ಪ ಅಂತ ಮುಖ ನೋಡಿ ಮಣೆ ಹಾಕೋಳಲ್ಲ ಅವಳು!"