ಹೆರೆಯದ ಕೊಂಬು

ಸಣ್ಣರಂಗಯ್ಯನಿಗೆ ಎರಡೂ ಕಣ್ಣಿರಲಿಲ್ಲ. ಕೋಲು ಊರಿಕೊಂಡು ಹುಲಿಕುಂಟೆಯ ಸರ್ಕಾರಿ ಕಾಡಿನ ಹಳ್ಳಕ್ಕೆ ಇಳಿದವನು, ಮೂಳೆಯನ್ನು ಚೀಲಕ್ಕೆ ತುಂಬಿಸುತ್ತಿದ್ದ ಕರೀಮ್ ಸಾಬನ ಎದುರು ಕುಕ್ಕರಿಸಿ ಕೈ ಚಾಚಿದ.

"ಒಂದೊಂದೇ ತಲೆ ನನ್ ಕೈಗೆ ಕೊಡಿ ಸಾಬ್ರೆ."

"ಯಾಕೆ ಯಜಮಾನ್ರೆ, ಜಾತಕ ನೋಡ್ತೀರಾ?"

ಆಳುಗಳು ನಕ್ಕರು. ನಾಲ್ಕು ವರ್ಷದ ಹಿಂದೆ, ಐವತ್ತನಾಲ್ಕನೇ ಇಸವಿಯಲ್ಲಿ, ದೊಡ್ಡರೋಗಕ್ಕೆ ಸತ್ತ ದನಗಳನ್ನೆಲ್ಲ ಸುತ್ತಲಿನವರು ಎಳೆತಂದು ಬಿಸಾಡಿದ್ದು ಇಲ್ಲಿಗೇ. ಈಗ ಇಲಾಖೆಯವರು ಸಸಿ ನೆಡುವವರಿದ್ದರು. ಸಂಜೆಯೊಳಗೆ ಹಳ್ಳ ಖಾಲಿಯಾಗಬೇಕು. ಮೂಳೆಯೆಲ್ಲ ಶಿರಾದ ಮೂಳೆ ವ್ಯಾಪಾರಿ ಕರೀಮ್ ಸಾಬನ ಗಾಡಿಗೆ.

"ಕಣ್ಣಿದ್ದಾಗ ಎತ್ತಿನ ಕೊಂಬು ಚೂರೀಲಿ ಹೆರೆದು ನುಣ್ಣಗೆ ಮಾಡಾಕೆ ಮನೆಮನೆಗೆ ಹೋಗ್ತಿದ್ದೆ. ನನ್ ಕೈಯಿಂದ್ಲೇ ರೋಗ ಹಬ್ತು ಅಂತಾರೆ ಊರೋರು. ನಾನು ಕಾಲಿಡದ ಆ ಕಾಡಂಚಿನ ಹಟ್ಟೀಲಿ ಮಾತ್ರ ಒಂದೂ ಸಾಯ್ಲಿಲ್ವಂತೆ. ಹಟ್ಟಿಯೋರ್ನ ಕೇಳಾಣ ಅಂದ್ರೆ ಅವರು ಆವಾಗ್ಲೇ ಗುಳೆ ಹೋದ್ರು. ಇನ್ಯಾರ್ನ ಕೇಳ್ಲಿ? ಇವನ್ನೇ ಕೇಳ್ಬೇಕು."

ಕರೀಮ್ ಸಾಬ್ ಒಂದು ಬುರುಡೆ ಕೊಟ್ಟ. ಮುದುಕನ ಬೆರಳು ಕೊಂಬಿನ ಬುಡದಿಂದ ತುದಿಗೆ ಹರಿಯಿತು.

"ಕದಿರಯ್ಯನ ಎಡಗಡೆ ಎತ್ತು. ಇಲ್ಲಿ ನೋಡಿ, ಚೂರಿ ಜಾರಿತ್ತು." ಇನ್ನೊಂದು. "ನರಸಮ್ಮಂದು. ಹಾಯ್ತಿತ್ತು ಬಡ್ಡೀಮಗಂದು."

ಐದಾರು ಆದ ಮೇಲೆ ಕರೀಮ್ ಸಾಬ್ ಆಳುಗಳಿಗೆ ಕಣ್ಣು ಹೊಡೆದು ಮೊದಲನೆಯದನ್ನೇ ಮತ್ತೆ ಕೊಟ್ಟ.

"ಕದಿರಯ್ಯಂದು ಆಗ್ಲೇ ಬಂದಿತ್ತಲ್ಲ. ಹುಡುಗಾಟ ಬುಡಿ ಸಾಬ್ರೆ."

"ಯಾ ಅಲ್ಲಾ!"

ಆಮೇಲೆ ಯಾರೂ ನಗಲಿಲ್ಲ. ಕರೀಮ್ ಸಾಬ್ ಪ್ರತಿ ಬುರುಡೆಯ ಮಣ್ಣನ್ನೂ ಹೆಗಲ ವಸ್ತ್ರದಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಡತೊಡಗಿದ. ಆಳುಗಳು ಚೀಲ ಕೆಳಗಿಟ್ಟು ಸುತ್ತ ನಿಂತರು. ಮೂಳೆಯ ರಾಶಿಯಿಂದ ಎತ್ತುಗಳು ಒಂದೊಂದಾಗಿ ಎದ್ದು ತಮ್ಮ ತಮ್ಮ ಮನೆಗೆ ಹೋಗುತ್ತಿದ್ದವು.

ಮಧ್ಯಾಹ್ನ ಒಂದು ಬುರುಡೆ ಮುದುಕನ ಮಡಿಲಲ್ಲೇ ಉಳಿಯಿತು. ಮೂರು ಸಲ ಸವರಿದ.

"ಇದ್ರ ಮೇಲೆ ಚೂರಿ ಆಡಿಲ್ಲ."

"ಹಸು ಇರ್ಬೇಕು."

"ಎತ್ತು ಕಣ್ರೀ. ಹಟ್ಟಿಯೋರು ಕೊಂಬು ಹೆರೆಸ್ತಿರ್ಲಿಲ್ಲ." ಅವನು ಮತ್ತೆ ಕೈ ಚಾಚಿದ. "ಇನ್ನೊಂದು ಕೊಡಿ. ಬಿರ್‍ರನೆ ಕೊಡಿ."

ಕರೀಮ್ ಸಾಬ್ ಇದ್ದಿಲು ತರಿಸಿ ಬಂಡೆಯ ಮೇಲೆ ಗೆರೆ ಹಾಕತೊಡಗಿದ. ಹಸುವಿನದನ್ನು ಬಿಟ್ಟು, ಹೆರೆದ ಎತ್ತು ಒಂದು ಕಡೆ, ಹೆರೆಯದ್ದು ಇನ್ನೊಂದು ಕಡೆ. ಸಂಜೆ ಬಂದ ಗಾರ್ಡು "ಇನ್ನೂ ಎಷ್ಟೊತ್ತು?" ಎಂದು ಗದರಿದಾಗ, "ಚುಪ್! ಲೆಕ್ಕ ತಪ್ತದೆ," ಎಂದ.

ಕೊನೆಗೆ ಊರಿನ ದಿಕ್ಕಿಗೆ ತಿರುಗಿ ನಿಂತು ಗೆರೆಗಳನ್ನು ಗಟ್ಟಿಯಾಗಿ ಎಣಿಸಿದ. ಸಣ್ಣರಂಗಯ್ಯ ಮುಟ್ಟಿದ ಎತ್ತು ಮೂವತ್ತೆಂಟು. ಮುಟ್ಟದೆಯೇ ಸತ್ತದ್ದು ನಲವತ್ತೊಂದು.