ಬಟನ್ ಇಲ್ಲದ ಕಾರು

“ಇದರ ಹಿಡಿ ಎಲ್ಲಿ ಹೋಯ್ತು?” ಎನ್ನುತ್ತ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರು ಹೊಸ ಕಾರಿನ ಬಾಗಿಲನ್ನು ಮೇಲಿಂದ ಕೆಳಗೆ ತಡವಿದರು. ಶೋರೂಮಿನ ಹುಡುಗಿ ನಗುನಗುತ್ತ ಬಂದು ಎಲ್ಲೋ ಒಂದು ಕಡೆ ಬೆರಳಿಟ್ಟಳು. ಬಾಗಿಲಿನೊಳಗೆ ಅಡಗಿದ್ದ ಹಿಡಿ ಹೊರಗೆ ಬಂತು.

“ಹೊಸ ಡಿಸೈನ್ ಸರ್.”

“ಹಿಡಿ ಬಚ್ಚಿಡೋದೂ ಒಂದು ಡಿಸೈನಾ?”

ಹೆಂಡತಿ ಗೋಡೆಯ ಗಡಿಯಾರ ನೋಡಿದಳು. ಶೋರೂಮಿಗೆ ಬಂದದ್ದು ಇದು ಮೂರನೇ ಸಲ. ಆಸ್ಪತ್ರೆಯ ಔಷಧಿ ಅಂಗಡಿಯ ಕೆಲಸಕ್ಕೆ ಈ ಕಾರಿನ ದೆಸೆಯಿಂದ ಆಕೆ ಹಾಕಿದ ಮೂರನೇ ಅರ್ಧ ದಿನದ ರಜೆ. ಹನ್ನೆರಡು ವರ್ಷದಿಂದ ಇದೇ ಕಂಪನಿಯ ಹಳೇ ಕಾರು ಓಡಿಸುತ್ತಿರುವ ಗಂಡ, ಹೊಸ ರೂಪದ್ದು ಬರುತ್ತದೆಂದು ಗೊತ್ತಾದಾಗಿನಿಂದ ಮನೆಯಲ್ಲಿ ಬೇರೆ ಮಾತೇ ಆಡಿರಲಿಲ್ಲ. ತಾನೇ ಬ್ರೇಕ್ ಹಾಕುತ್ತದಂತೆ, ರಸ್ತೆಯ ಗೆರೆ ದಾಟಿದರೆ ತಾನೇ ಸರಿಮಾಡಿಕೊಳ್ಳುತ್ತದಂತೆ ಎಂದು ಊಟಕ್ಕೆ ಕೂತಾಗಲೂ ಅದೇ ಜಪ. ಕಾರು ಬಂದ ಮೇಲೆ ಮಾತ್ರ ಬರೀ ತಕರಾರು. ಮೊದಲ ಸಲ ಬಣ್ಣ ಸರಿಯಿಲ್ಲ ಎಂದರು. ಎರಡನೇ ಸಲ ಮೂತಿ ಸರಿಯಿಲ್ಲ ಎಂದರು. ರಸ್ತೆಗಿಳಿಸಿ ಒಂದು ಸುತ್ತು ಹಾಕಿ ಎಂದರೆ ಬಿಸಿಲು ಜಾಸ್ತಿ ಎಂದು ಜಾರಿಕೊಂಡರು.

ಹುಡುಗಿ ಬಣ್ಣಬಣ್ಣದ ಪುಸ್ತಿಕೆಯೊಂದನ್ನು ಕೈಗಿತ್ತಳು. ಯಜಮಾನರು ಅದರ ಹಾಳೆಯನ್ನು ಎರಡು ಬೆರಳಿನ ನಡುವೆ ಉಜ್ಜಿ, “ಕಾಗದ ಪರವಾಗಿಲ್ಲ, ದಪ್ಪ ಇದೆ” ಎಂದು ಹೆಂಡತಿಗೆ ದಾಟಿಸಿಬಿಟ್ಟರು. ಕಾರು ಕೊಳ್ಳಲು ಬಂದವರು ಕಾಗದ ಕೊಳ್ಳಲು ಬಂದವರ ಹಾಗೆ ಆಡಿದರೆ ಯಾರಿಗೆ ತಾನೆ ಮೈ ಉರಿಯುವುದಿಲ್ಲ?

“ರೀ, ಇವತ್ತು ಹೂಂ ಅನ್ನಿ, ಇಲ್ಲಾ ಉಹೂಂ ಅನ್ನಿ. ಯಾವುದೋ ಒಂದು ಅಂದುಬಿಡಿ. ಮೂರು ಗಂಟೆಗೆ ಪುಟ್ಟಿ ಸ್ಕೂಲು ಬಿಡತ್ತೆ.”

“ಅವಳನ್ನ ಕರ್ಕೊಂಡು ಬರೋನು ನಾನು. ನೀನ್ಯಾಕೆ ಹಾರಾಡ್ತೀಯ?”

ಅದೇನೋ ನಿಜ. ಮೊಮ್ಮಗಳನ್ನು ದಿನಾ ಸ್ಕೂಲಿಗೆ ಬಿಟ್ಟು ಕರೆತರುವುದು ತಾತನೇ. ಅವಳಿಗೂ ತಾತನ ಕಾರೇ ಆಗಬೇಕು. ಸಿಗ್ನಲ್ ಬಂದಾಗ ಕೆಂಪೋ ಹಸಿರೋ ಎಂದು ಕೂಗಿ ಹೇಳುವ ಆಟ ಆ ಕಾರಿನಲ್ಲಿ ಮಾತ್ರ ಇದೆಯಂತೆ.

ಯಜಮಾನರು ಒಳಗೆ ಕೂತರು. ಹೆಂಡತಿ ಪಕ್ಕದಲ್ಲಿ ಕೂತಳು. ಅವರ ಕೈ ಅಭ್ಯಾಸದಂತೆ ಸ್ಟೀರಿಂಗಿನ ಪಕ್ಕಕ್ಕೆ ಹೋಯಿತು, ಏನೂ ಸಿಗದೆ ಅಲ್ಲೇ ನಿಂತಿತು. ಹಳೆಯದರಲ್ಲಿ ಆ ಜಾಗದಲ್ಲಿ ಸಾಲಾಗಿ ಬಟನ್‌ಗಳಿದ್ದವು. ಇದರಲ್ಲಿ ಆ ತುದಿಯಿಂದ ಈ ತುದಿಗೆ ಒಂದೇ ಗಾಜಿನ ಪರದೆ.

“ಬಟನ್ ಎಲ್ಲಮ್ಮ?”

“ಬಟನ್ನೇ ಇಲ್ಲ ಸರ್. ಎಲ್ಲಾ ಸ್ಕ್ರೀನಲ್ಲೇ. ಎಸಿ ಕಮ್ಮಿ ಮಾಡಿ ನೋಡಿ.”

ಯಜಮಾನರು ಒತ್ತಿದರು. ಹಾಡು ಅಬ್ಬರಿಸಿತು. ಇನ್ನೊಮ್ಮೆ ಒತ್ತಿದರು. ಕೂತಿದ್ದ ಸೀಟೇ ಹಿಂದಕ್ಕೆ ಜಾರಿತು.

“ಇದನ್ನ ಮಾಡಿದವನು ಜನ್ಮದಲ್ಲಿ ಕಾರು ಓಡಿಸಿದಾನಾ? ಇದೇನು ಕಾರಾ, ಟೀವಿನಾ? ಇಷ್ಟು ದುಡ್ಡು ತಗೊಂಡು ನಾಲ್ಕು ಬಟನ್ ಹಾಕೋಕೆ ಬಡತನವಾ ನಿಮಗೆ?”

ಹುಡುಗಿಯ ಮುಖ ಸಪ್ಪಗಾಯಿತು. ಹೆಂಡತಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. “ಪಾಪ, ಅವಳ ಮೇಲೆ ಯಾಕೆ ರೇಗ್ತೀರ? ಕಣ್ಣಿಗೆ ರಾಚೋ ಹಾಗೆ ಬರೆದಿದಾರಲ್ಲ, ನಿಮ್ಮ ಮೂಗಿನ ಮುಂದೇನೇ.”

“ಎಲ್ಲಿ?” ಎಂದರು ಯಜಮಾನರು.

ಆ ದನಿಯಲ್ಲಿ ರೇಗಾಟವಿರಲಿಲ್ಲ. ಅವರು ನಿಜವಾಗಿಯೂ ಕೇಳುತ್ತಿದ್ದರು. ಹೆಬ್ಬೆರಳು ಗಾತ್ರದ ಅಕ್ಷರಗಳು ಎದುರಿಗೇ ಹೊಳೆಯುತ್ತಿದ್ದರೆ, ಮುಖವನ್ನು ಒಂದು ಕಡೆಗೆ ತಿರುಗಿಸಿಕೊಂಡು ಓರೆಗಣ್ಣಿನಿಂದ ಅವನ್ನು ಹುಡುಕುತ್ತಿದ್ದರು. ಮದುವೆ ಕಾಗದದ ಮೂಲೆಯಲ್ಲಿ ಒಂದು ಚುಕ್ಕಿ ತಪ್ಪಿದ್ದರೂ ಹಿಡಿದು ಹಾಕುತ್ತಿದ್ದ ಮನುಷ್ಯ. ಹೆಂಡತಿ ತನ್ನ ಕೈಯಲ್ಲಿದ್ದ ಪುಸ್ತಿಕೆಯನ್ನು ನೋಡಿದಳು. ಅವರು ಅದರ ಒಂದಕ್ಷರವನ್ನೂ ಓದಿರಲಿಲ್ಲ. ಆಮೇಲೆ ಮೊಮ್ಮಗಳ ಕೆಂಪು-ಹಸಿರಿನ ಆಟ ನೆನಪಾಯಿತು.

“ಇನ್ನೊಂದಿನ ಬರ್ತೀವಮ್ಮ” ಎಂದು ಹುಡುಗಿಗೆ ಹೇಳಿ ಇಳಿದಳು.

ಹೊರಗೆ ಹಳೇ ಕಾರಿನ ಹತ್ತಿರ ಬಂದ ಮೇಲೆ ಹೆಂಡತಿ ಕೇಳಿದಳು.

“ಎಷ್ಟು ದಿನ ಆಯ್ತು?”

ಯಜಮಾನರು ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತರು. “ವರ್ಷ ಆಯ್ತು. ಅಕ್ಕಪಕ್ಕದ್ದೆಲ್ಲ ಕಾಣತ್ತೆ. ನೇರ ನೋಡಿದ್ದು ಮಾತ್ರ ಮಸುಕು. ಹೋಗಿರೋದು ವಾಪಸ್ ಬರಲ್ಲ ಅಂದ್ರು ಡಾಕ್ಟ್ರು. ಹೊಸ ಕಾರು ಎಲ್ಲಾ ತಾನೇ ನೋಡ್ಕೊಳತ್ತೆ ಅಂದ್ರಲ್ಲ, ಅದಕ್ಕೇ…”

“ನನಗೊಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ಮಗು ಕೂತಿರತ್ತಲ್ರೀ ಅದರಲ್ಲಿ.”

“ಇದರಲ್ಲಿ ಏನೂ ತೊಂದರೆ ಇಲ್ಲ ಕಣೇ. ಹನ್ನೆರಡು ವರ್ಷದ ಕಾರು. ಎಲ್ಲೆಲ್ಲಿ ಏನೇನಿದೆ ಅಂತ ಕೈಗೇ ಗೊತ್ತು.”

ಹೆಂಡತಿ ಕೈ ಚಾಚಿದಳು. “ಕೀ ಕೊಡಿ. ಸ್ಕೂಲು ಬಿಡೋ ಹೊತ್ತಾಯ್ತು.”

ಕೀ ಜೇಬಿನಿಂದ ಹೊರಗೆ ಬರಲು ತಡವಾಯಿತು. ಕೊನೆಗೆ ಬಂತು. ಆಕೆ ಡ್ರೈವರ್ ಸೀಟಿನಲ್ಲಿ ಕೂತು, ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡಳು. ಯಜಮಾನರು ಕಾರಿನ ಮೈಮೇಲೆ ಕೈಯಾಡಿಸುತ್ತ ಆ ಕಡೆಗೆ ಬಂದು ಪಕ್ಕದಲ್ಲಿ ಕೂತರು. ಬೆಲ್ಟಿಗೆಂದು ಕೈ ಚಾಚಿದರು. ಮೇಲೆ ತಡವಿದರು, ಕೆಳಗೆ ತಡವಿದರು. ಹನ್ನೆರಡು ವರ್ಷ ತಾವೇ ಓಡಿಸಿದ ಕಾರಿನಲ್ಲಿ ಈ ಸೀಟಿನ ಬೆಲ್ಟ್ ಎಲ್ಲಿರುತ್ತದೆಂದು ಅವರ ಕೈಗೆ ಗೊತ್ತಿರಲಿಲ್ಲ.