ಸ್ವಂತ ಗಿಣಿ

ಹೊಸ ಪಠ್ಯಪುಸ್ತಕದ ಅಂಟಿನ ವಾಸನೆ ನನಗಿನ್ನೂ ನೆನಪಿದೆ. ಆಮೇಲೆ ಲೋಕದ ಕಾಗದವನ್ನೆಲ್ಲ ಗೆದ್ದಲು ತಿಂದಿತು. ಈಗ ಪುಸ್ತಕವೆಂದರೆ ಗಿಣಿಗೆ ಬಾಯಿಪಾಠ ಮಾಡಿಸಿ ಪ್ರಕಟಿಸುವುದು.

ಹೆರಿಗೆ ವಾರ್ಡಿನಲ್ಲಿ ನೋವು ತಿನ್ನುವವರಿಗೆ ಹಿಸುಕಲು ತಮ್ಮ ಕೈ ಕೊಟ್ಟು ನಿಲ್ಲುತ್ತಿದ್ದ, ನನ್ನ ಜೊತೆ ಕೆಲಸ ಮಾಡಿದ ದಾದಿಯರ ಕಥೆ ನನ್ನದು. ನಾನು ಸತ್ತರೆ ಅವರನ್ನು ನೆನೆಯುವವರಿಲ್ಲ. ಪ್ರಕಾಶಕ ಚಂದ್ರಕಾಂತಯ್ಯ ಎರಡು ಮಾತು ಕೇಳಿ ಆಕಳಿಸಿದ.

“ಬೆಡ್‌ಪ್ಯಾನ್ ತೊಳೆಯೋರ ಕಥೆಗೆ ನನ್ನ ಗಿಣಿ ಯಾಕಮ್ಮ ಹಾಳು? ಬೇಕಾದ್ರೆ ಸ್ವಂತ ಗಿಣಿ ಸಾಕ್ಕೊಳ್ಳಿ. ಆದ್ರೆ ಮನೇಲಿ ಕಲಿತ ಗಿಣಿ ಪುಸ್ತಕದ ಮಧ್ಯೆ ಕೆಮ್ಮುತ್ತೆ, ಕುಕ್ಕರ್ ಥರ ಕೂಗುತ್ತೆ. ಜನ ನಗ್ತಾರೆ.”

ಅವನ ಹಿಂದೆ ಈ ವರ್ಷದ ಬಹುಮಾನಿತ ಕಾದಂಬರಿ ಪಂಜರದಲ್ಲಿ ಕೂತಿತ್ತು. ಮುನ್ನುಡಿಯಲ್ಲಿ ಅವನನ್ನೇ ಹೊಗಳಿ ಹೊಗಳಿ ಸುಸ್ತಾಗಿ, ಮೊದಲ ಅಧ್ಯಾಯಕ್ಕೆ ಬರುವ ಮುಂಚೆಯೇ ನಿದ್ದೆಹೋಯಿತು.

ಎಪ್ಪತ್ತಾರರ ವಯಸ್ಸಿನಲ್ಲಿ ಗಿಣಿಮರಿ ಸಾಕುವುದು ಹುಡುಗಾಟವಲ್ಲ. ಮನೆಗೆ ಹೋಗಿ ಯೋಚಿಸೋಣ ಎಂದುಕೊಂಡಿದ್ದೆ. ಆ ನಿದ್ದೆ ನೋಡಿದ ಮೇಲೆ ಯೋಚಿಸುವುದೇನಿದೆ?

“ಕೆಮ್ಮಲಿ ಬಿಡಪ್ಪ. ನಿನ್ನನ್ನ ಹೊಗಳೋದಕ್ಕಿಂತ ಕೆಮ್ಮೋದೇ ಮೇಲು. ಇವತ್ತೇ ಒಂದು ಮರಿ ತರ್ತೀನಿ” ಎಂದು ಎದ್ದೆ.

ಪಂಜರ ಗುಡಿಸುವ ಗಂಗವ್ವ ಗೇಟಿನವರೆಗೂ ಬಂದಳು. ಮರಿಯ ಮೊದಲ ಊಟಕ್ಕೆ ನೆನೆಸಿದ ಕಡಲೆ, ಸೀಬೆಹಣ್ಣಿನ ಚೂರು ಕಟ್ಟಿದ ಬಾಳೆಲೆಯ ಪೊಟ್ಟಣವನ್ನು ನನ್ನ ಕೈಗಿಟ್ಟಳು.